ಬಾಲ ಕತ್ತರಿಸಿದ ಚೀಲ

ಸೋಮವಾರ ಬೆಳಿಗ್ಗೆ ಏಳೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಮನುಷ್ಯನ ಬೂಟುಗಳ ಮೇಲೆ ನೀಲಿ ಪ್ಲಾಸ್ಟಿಕ್ ಕವಚ ಇತ್ತು. ಆಸ್ಪತ್ರೆಯ ಒಳಕೋಣೆಗಳಲ್ಲಿ ಹಾಕಿಕೊಳ್ಳುವಂಥದ್ದು. ಅದನ್ನು ತೆಗೆಯುವುದನ್ನೂ ಮರೆತು ರಸ್ತೆ ದಾಟಿ ಓಡಿ ಬಂದಿದ್ದರು. ಬಾಗಿಲ ಬಳಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಅವರನ್ನು ಕಂಡೊಡನೆ ಎದ್ದು ನಿಂತರು. ಈ ಹೆಡ್ ಕಾನ್‌ಸ್ಟೇಬಲನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಮೀಸೆ ಎಂದು. ಮೀಸೆ ಬೋಳಿಸಿ ವರ್ಷಗಳೇ ಆದವು, ಹೆಸರನ್ನು ಬೋಳಿಸಲು ಆಗಲಿಲ್ಲ.

"ಕಳ್ಳತನ ಆಗಿದೆ," ಎಂದರು ಬಂದವರು.

"ಏನು ಹೋಗಿದೆ?"

"ಒಂದು ಚೀಲ."

"ಚೀಲದಲ್ಲಿ ಏನಿತ್ತು?"

"ರಕ್ತದ ಕಣಗಳು. ಜೀನ್ ತಿದ್ದಿದ ಬಿಳಿ ರಕ್ತಕಣಗಳು."

ಮೀಸೆ ಪೆನ್ನು ಕೆಳಗಿಟ್ಟು, ಇದು ತನ್ನ ಮಟ್ಟದ್ದಲ್ಲ ಎಂದು ಅವರನ್ನು ನೇರ ಇನ್ಸ್‌ಪೆಕ್ಟರ್ ಕೋಣೆಗೆ ಕರೆದುಕೊಂಡು ಹೋದರು.

ಇನ್ಸ್‌ಪೆಕ್ಟರ್ ಮೇಡಂಗೆ ಸುತ್ತಿಬಳಸಿ ಮಾತಾಡುವವರನ್ನು ಕಂಡರೆ ಆಗದು. ಬಂದವರು ಎದುರಿನ ಆಸ್ಪತ್ರೆಯ ಕಣ ತಯಾರಿಸುವ ಲ್ಯಾಬಿನ ಮುಖ್ಯಸ್ಥರು, ಡಾಕ್ಟರು. ಐದು ನಿಮಿಷ ಮಾತಾಡಿದರೂ ಒಂದಕ್ಷರ ಅರ್ಥವಾಗದೆ ಮೇಡಂ ಕೈ ಅಡ್ಡ ಹಿಡಿದರು.

"ಡಾಕ್ಟ್ರೇ, ಸ್ಕೂಲ್ ಮಕ್ಕಳಿಗೆ ಹೇಳೋ ಹಾಗೆ ಹೇಳಿ. ನಾಚಿಕೆ ಪಟ್ಕೋಬೇಡಿ, ನಾನೂ ಪಟ್ಕೊಳ್ಳಲ್ಲ."

ಡಾಕ್ಟರ್ ಒಂದು ಲೋಟ ನೀರು ಕುಡಿದು ಮೊದಲಿನಿಂದ ಶುರು ಮಾಡಿದರು. "ಬಿಳಿ ರಕ್ತಕಣ ಅಂದ್ರೆ ಮೈಯ ಕಾವಲುಗಾರರು. ಹೊರಗಿನವರನ್ನ ಹಿಡಿದು ಬಡೀತವೆ. ಕೆಲವು ಕ್ಯಾನ್ಸರ್‌ನಲ್ಲಿ ಅವಕ್ಕೆ ಕಳ್ಳ ಯಾರು ಅಂತ ಗುರುತೇ ಸಿಗಲ್ಲ. ಆಗ ನಾವು ಆರೋಗ್ಯವಾಗಿರೋ ಒಬ್ಬ ದಾನಿಯ ಕಣ ತಗೊಂಡು, ಅವುಗಳ ಜೀನ್ ತಿದ್ದಿ, ಕ್ಯಾನ್ಸರ್ ಗುರುತು ಹಿಡಿಯೋದು ಕಲಿಸಿ ರೋಗಿಗೆ ಏರಿಸ್ತೀವಿ."

"ಬೇರೆಯವರ ಕಾವಲುಗಾರರು ಅಲ್ವಾ? ರೋಗಿಯನ್ನೇ ಹಿಡಿದು ಬಡಿದ್ರೆ?"

ಡಾಕ್ಟರ್ ಮೊದಲ ಸಲ ತಲೆ ಎತ್ತಿ ಅವರನ್ನು ಸರಿಯಾಗಿ ನೋಡಿದರು. "ಬಡೀತವೆ. ಅದಕ್ಕೇ ಇನ್ನೊಂದು ಜೀನನ್ನ ಕತ್ತರಿಸಿ ತೆಗೀತೀವಿ. ಆಮೇಲೆ ಅವು ಯಾರ ಮೈಗೆ ಹೋದ್ರೂ ಆ ಮೈಯ ತಂಟೆಗೆ ಹೋಗಲ್ಲ. ಎಲ್ಲಾ ಕಣಕ್ಕೂ ಕತ್ತರಿ ಬೀಳಲ್ಲ ಅನ್ನಿ. ಬೀಳದೆ ಉಳಿದವನ್ನ ಒಂದು ಮೆಷಿನ್ನು ಮ್ಯಾಗ್ನೆಟ್‌ನಿಂದ ಹಿಡಿದು ಬೇರೆ ಮಾಡುತ್ತೆ. ಒಳ್ಳೇವು ಮಾತ್ರ ಚೀಲಕ್ಕೆ. ಚೀಲ ದ್ರವ ನೈಟ್ರೋಜನ್ ಟ್ಯಾಂಕಿಗೆ."

"ಆ ಚೀಲ ಯಾರಿಗೆ ಅಂತ ಇಟ್ಟಿದ್ರಿ?"

"ಹತ್ತು ವರ್ಷದ ಹುಡುಗಿ. ಇವತ್ತು ಹನ್ನೊಂದಕ್ಕೆ ಏರಿಸಬೇಕಿತ್ತು. ಹೊಸ ಕಣಗಳಿಗೆ ಜಾಗ ಆಗಲಿ ಅಂತ ಔಷಧಿ ಕೊಟ್ಟು ಅವಳ ಮೈಯಲ್ಲಿದ್ದ ಕಾವಲನ್ನೆಲ್ಲ ಖಾಲಿ ಮಾಡಿದೀವಿ ಮೇಡಂ. ಈಗ ಒಂದು ನೆಗಡಿ ಬಂದ್ರೂ ಜೀವಕ್ಕೆ ಕುತ್ತು. ಶನಿವಾರ ರಾತ್ರಿ ನೋಡಿದಾಗ ಚೀಲ ಇತ್ತು. ಖುಷಿಗೆ ನಿದ್ದೆ ಬರದೆ, ಇನ್ನೊಂದು ಸಲ ನೋಡೋಣ ಅಂತ ಬೇಗ ಬಂದು ಮುಚ್ಚಳ ತೆಗೆದ್ರೆ ಗೂಡು ಖಾಲಿ."

"ಇನ್ನೊಂದು ಚೀಲ?"

"ಅವಳ ಕ್ಯಾನ್ಸರಿಗೆ ಇದ್ದದ್ದು ಅದೊಂದೇ. ಹೊಸದು ಮಾಡೋಕೆ ಮೂರು ವಾರ ಬೇಕು. ಮೂರು ವಾರ ಅವಳು ಈ ಸ್ಥಿತಿಯಲ್ಲಿ ತಡ್ಕೊಳ್ತಾಳೆ ಅಂತ ನಾನು ಬರೆದುಕೊಡಲಾರೆ."

ಎಂಟು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ಬೆಲೆ ಎಂಬಲ್ಲಿ ಏನು ಬರೆಯಬೇಕೆಂದು ಮೀಸೆ ಕೇಳಿದ್ದಕ್ಕೆ ಮೇಡಂ, "ಒಂದು ಹುಡುಗಿ ಅಂತ ಬರೀತೀರಾ? ಖಾಲಿ ಬಿಡಿ, ನಡೀರಿ," ಎಂದು ಟೋಪಿ ಎತ್ತಿಕೊಂಡರು.

ಲ್ಯಾಬ್ ಇದ್ದದ್ದು ಆಸ್ಪತ್ರೆಯ ಹಿಂಭಾಗದ ಕಟ್ಟಡದ ಮೂರನೇ ಮಹಡಿಯಲ್ಲಿ. ಒಳಗೆ ಹೋಗಲು ಪೊಲೀಸರೂ ನೀಲಿ ಕವಚ ಹಾಕಲೇಬೇಕು. ಮೀಸೆಯ ಬೂಟಿಗೆ ಯಾವುದೂ ಹಿಡಿಸದೆ ಎರಡು ಹರಿದುಹೋದ ಮೇಲೆ ಅವರು ಬರೀ ಸಾಕ್ಸಿನಲ್ಲಿ ಪಂಚನಾಮೆ ಮಾಡಿದರು. ಸಾಕ್ಸಿನ ಹೆಬ್ಬೆರಳಲ್ಲಿ ತೂತಿತ್ತು, ಅದನ್ನು ಮಾತ್ರ ಪಂಚನಾಮೆಯಲ್ಲಿ ಬರೆಯಲಿಲ್ಲ.

ಟ್ಯಾಂಕ್ ಕೋಣೆಯ ಬಾಗಿಲಿನ ಬೀಗ ನೆಟ್ಟಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಹೊರಳಿ ನೆಲಕ್ಕಿಳಿಯಿತು. ಬೇರೆ ರೋಗಿಗಳ ಚೀಲಗಳು ಲೋಹದ ಗೂಡುಗಳಲ್ಲಿ ಹಾಗೇ ಇದ್ದವು. ಪ್ರತಿ ಚೀಲದ ಮೂಲೆಯಲ್ಲೂ ಕಿರುಬೆರಳುದ್ದದ ಎರಡು ಕೊಳವೆ ತುಂಡುಗಳು ಜೋತಾಡುತ್ತಿದ್ದವು.

"ಇವೇನು?"

"ಬಾಲ ಅಂತೀವಿ. ಚೀಲದೊಳಗಿನದೇ ಸ್ವಲ್ಪ ಅದರಲ್ಲೂ ಇರುತ್ತೆ."

"ಬಾಗಿಲ ಕಾರ್ಡು ಯಾರ್ಯಾರ ಹತ್ತಿರ ಇದೆ?"

"ನನ್ನನ್ನೂ ಸೇರಿಸಿ ಐದು ಜನ. ಆದ್ರೆ ನಮ್ಮವರು ಯಾರೂ ಅಲ್ಲ, ಅದನ್ನ ನಾನು ಆಣೆ ಮಾಡಿ ಹೇಳ್ತೀನಿ. ಹೋದ ವಾರ ಒಂದು ಕಂಪನಿಯವರು ಬಂದು ಎಲ್ಲಾ ನೋಡ್ಕೊಂಡು ಹೋದ್ರು."

"ಕಂಪನಿಯವರಿಗೆ ಯಾವ ಗೂಡಲ್ಲಿ ಯಾವ ಚೀಲ ಇದೆ ಅಂತ ಗೊತ್ತಾ?"

"ಇಲ್ಲ," ಎಂದರು ಡಾಕ್ಟರ್. "ಅದು ನಮ್ಮ ಐವರಿಗೆ ಮಾತ್ರ ಗೊತ್ತು."

ಮುಂದಿನ ವಿಚಾರಣೆ ಕಾವಲುಗಾರನದು. ಈ ಮಹಡಿಗೆ ಇರುವುದು ಒಂದೇ ಬಾಗಿಲು, ಅಲ್ಲೊಂದು ಕ್ಯಾಮೆರಾ, ಅದರ ಕೆಳಗೆ ಇವನ ಕುರ್ಚಿ.

"ಭಾನುವಾರ ಯಾರು ಡಬ್ಬ ಹಿಡ್ಕೊಂಡು ಹೊರಗೆ ಹೋದ್ರು?"

"ಯಾರೂ ಇಲ್ಲ ಮೇಡಂ."

"ಬ್ಯಾಗಲ್ಲಿ ಹಾಕ್ಕೊಂಡು?"

"ಸಾಧ್ಯನೇ ಇಲ್ಲ. ಆ ಚಳಿ ವಸ್ತು ಹೊಗೆ ಉಗುಳುತ್ತೆ. ಅದಕ್ಕೇ ಅಂತಾನೇ ಒಂದು ದಪ್ಪ ಕ್ಯಾನ್ ಇದೆ, ನನ್ನ ಸೊಂಟದಷ್ಟು ಎತ್ತರ. ಅದು ಇಲ್ಲೇ ಬಿದ್ದಿದೆ. ಊಟದ ಡಬ್ಬಿನೂ ತೆಗೆಸಿ ನೋಡ್ತೀನಿ ನಾನು. ಅದಕ್ಕೇ ಎಲ್ಲರಿಗೂ ನನ್ನ ಕಂಡ್ರೆ ಉರಿ."

ಕ್ಯಾಮೆರಾ ಅವನ ಮಾತನ್ನೇ ಹೇಳಿತು. ಭಾನುವಾರವೂ ಕೆಲಸವಿದ್ದುದರಿಂದ ಐವರೂ ಬಂದು ಹೋಗಿದ್ದರು, ಕೈ ಬೀಸಿಕೊಂಡು. ಮೇಡಂ ಎರಡು ಸಲ ನೋಡಿದರು.

"ಮೀಸೆ, ಚೀಲ ಹೊರಗೆ ಹೋಗಿಲ್ಲ. ಇಲ್ಲೇ ಇದೆ. ಟ್ಯಾಂಕ್ ಕೋಣೆಗೂ ಮೆಷಿನ್ ಕೋಣೆಗೂ ಸೀಲ್ ಹಾಕಿ. ಯಾರೂ ಮನೆಗೆ ಹೋಗೋ ಹಾಗಿಲ್ಲ."

ಐವರಲ್ಲಿ ಹಿರಿಯರು ಒಬ್ಬ ಹೆಂಗಸು. ಐವತ್ತು ದಾಟಿದವರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಎಲ್ಲರಿಗೂ ಕೆಲಸ ಕಲಿಸಿದ್ದು ಅವರೇ ಆದ್ದರಿಂದ ಡಾಕ್ಟರೂ ಸೇರಿ ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ. ಪೊಲೀಸರನ್ನು ಕಂಡು ಕಿರಿಯರಿಬ್ಬರು ಅಳಲು ಶುರು ಮಾಡಿದಾಗ, "ಅಳೋಕೇನಾಗಿದೆ, ಕೇಳಿದ್ದಕ್ಕೆ ಉತ್ತರ ಕೊಡಿ," ಎಂದು ಗದರಿ ಸುಮ್ಮನಾಗಿಸಿದವರು ಅವರೇ. ಅವರ ಉತ್ತರಗಳೂ ನೆಟ್ಟಗಿದ್ದವು. ಭಾನುವಾರ ಬಂದದ್ದು ಎರಡಕ್ಕೆ, ಹೋದದ್ದು ಐದಕ್ಕೆ, ಯಾರನ್ನೂ ನೋಡಲಿಲ್ಲ.

ಹತ್ತೂವರೆಗೆ ಮೇಡಂ ವಾರ್ಡಿಗೆ ಹೋದರು. ಹುಡುಗಿ ಗಾಜಿನ ಕೋಣೆಯೊಳಗೆ ಕಾಲು ಮಡಚಿ ಕೂತಿದ್ದಳು. ತಲೆಯಲ್ಲಿ ಒಂದು ಕೂದಲಿಲ್ಲ, ಕಣ್ಣು ಮಾತ್ರ ಚುರುಕು. ಗಾಜಿನ ಈಚೆ ಆಚೆ ಮಾತಾಡಲು ಒಂದು ಫೋನಿತ್ತು. ಅವಳು ಅದನ್ನೆತ್ತಿ ಹೆಡ್ ಕಾನ್‌ಸ್ಟೇಬಲ್ ಕಡೆ ಬೆರಳು ಮಾಡಿದಳು.

"ಆ ಮೇಡಂ ನಿಮ್ಮನ್ನ ಮೀಸೆ ಅಂದ್ರು ಅಂತ ನರ್ಸ್ ಆಂಟಿ ಹೇಳಿದ್ರು. ಮೀಸೆ ಎಲ್ಲಿ?"

"ಕಳುವಾಗಿದೆ ಪುಟ್ಟಿ."

"ಮೊದಲು ನಂದು ಹುಡುಕಿ. ಆಮೇಲೆ ನಿಮ್ದು."

ಮೀಸೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅವರಿಗೂ ಅದೇ ವಯಸ್ಸಿನ ಮೊಮ್ಮಗಳಿದ್ದಾಳೆ.

ಹುಡುಗಿಯ ತಾಯಿ ಹೊಲಿಗೆ ಅಂಗಡಿ ನಡೆಸುವವಳು. ತಿಂಗಳುಗಳಿಂದ ಅಂಗಡಿಗೆ ಬೀಗ, ವಾಸ ಈ ಕಾರಿಡಾರಿನಲ್ಲಿ. ಅವಳು ಅಳಲಿಲ್ಲ, ಕೂಗಾಡಲಿಲ್ಲ, ಮೇಡಂ ಎದುರು ಬಂದು ನಿಂತು, "ನನ್ನ ಮಗಳ ಚೀಲ ಹುಡುಕಿಕೊಡ್ತೀರಾ?" ಎಂದಳು.

"ಕೊಡ್ತೀನಿ."

ಅಷ್ಟು ಸಲೀಸಾಗಿ ಮಾತು ಕೊಡುವವರಲ್ಲ ಮೇಡಂ. ಮೀಸೆಗೆ ಅಚ್ಚರಿಯಾಯಿತು. ಮೇಡಂಗೂ ಆಗಿರಬೇಕು, ಮೆಟ್ಟಿಲಿಳಿಯುವಾಗ ಯಾರ ಮೇಲೋ ಸಿಟ್ಟಿನಲ್ಲಿ ಇದ್ದವರಂತೆ ಇಳಿದರು.

ಮಹಡಿಯನ್ನು ಕೋಣೆ ಕೋಣೆಯಾಗಿ ಜಾಲಾಡಿದರು. ಫ್ರಿಜ್ಜು, ಬೀರು, ತಾರಸಿಗೆ ಹೋಗುವ ಪೈಪಿನ ಸಂದು ಯಾವುದನ್ನೂ ಬಿಡಲಿಲ್ಲ. ಹನ್ನೆರಡರ ಹೊತ್ತಿಗೆ ಕೊನೆಯ ಉಗ್ರಾಣ. ಮುರಿದ ಕುರ್ಚಿ, ಖಾಲಿ ಪೆಟ್ಟಿಗೆಗಳ ಹಿಂದೆ ಗುಜರಿಗೆ ಹಾಕಲು ಇಟ್ಟ ಮೂರು ಹಳೇ ಟ್ಯಾಂಕುಗಳು. ಮೀಸೆ ಒಂದರ ಮೇಲೆ ಕೈಯೂರಿ ಬಗ್ಗಿದವರು ಅಯ್ಯಯ್ಯೋ ಎಂದು ಕೈ ಕಿತ್ತುಕೊಂಡರು. ಟ್ಯಾಂಕಿನ ಮೈ ತುಂಬ ತೆಳ್ಳಗೆ ಹಿಮ ಕೂತಿತ್ತು.

"ಡಾಕ್ಟ್ರೇ, ಗುಜರಿ ಟ್ಯಾಂಕಿಗೆ ಚಳಿ ಯಾಕೆ?"

ಡಾಕ್ಟರ್ ಮುಖದ ಬಣ್ಣವೇ ಬದಲಾಯಿತು. "ಇದರ ಒಳಗೋಡೆ ಕೆಟ್ಟಿದೆ, ಚಳಿ ಹೊರಗೆ ಸೋರುತ್ತೆ. ಅದಕ್ಕೇ ತೆಗೆದುಹಾಕಿದ್ದು. ಆದ್ರೆ ಖಾಲಿ ಇರಬೇಕು. ಯಾರೋ ನೈಟ್ರೋಜನ್ ತುಂಬಿದಾರೆ!"

ದಪ್ಪ ಕೈಗವಸು ಹಾಕಿ ಅವರು ಮುಚ್ಚಳ ತೆಗೆದರು. ಹೊಗೆಯೊಳಗಿಂದ ಒಂದು ಗೂಡು ಮೇಲೆ ಬಂತು. ಚೀಲದ ಮೇಲಿನ ನಂಬರ್ ಓದಿದರು. ಮತ್ತೆ ಓದಿದರು. ಮೂರನೇ ಸಲ ಗಟ್ಟಿಯಾಗಿ ಓದಿ ಹೇಳಿದರು. ಪಂಚರಾಗಿ ನಿಂತಿದ್ದ ಇಬ್ಬರು ವಾರ್ಡ್‌ಬಾಯ್‌ಗಳು ಚಪ್ಪಾಳೆ ತಟ್ಟಿಬಿಟ್ಟರು. ಸುದ್ದಿ ಕೇಳಿ ಲ್ಯಾಬಿನವರೆಲ್ಲ ಉಗ್ರಾಣದ ಬಾಗಿಲಿಗೆ ಓಡಿ ಬಂದರು.

"ಯಾರು ಸಾರ್ ಇಟ್ಟಿದ್ದು?" ಎಂದಳು ಒಬ್ಬಳು.

"ಯಾವ ಪಾಪಿ ಈ ಕೆಲಸ ಮಾಡಿದ್ದು?" ಎಂದ ಇನ್ನೊಬ್ಬ.

"ಯಾವಾಗ ಏರಿಸ್ತೀರಿ?" ಎಂದರು ದೊಡ್ಡಕ್ಕ.

"ಈಗಲೇ," ಎಂದರು ಡಾಕ್ಟರ್. "ಚಳಿ ಸರಿಯಾಗಿದೆ, ಸೀಲ್ ಒಡೆದಿಲ್ಲ. ಒಂದು ಗಂಟೆಯೊಳಗೆ ಹುಡುಗಿಯ ಮೈಯಲ್ಲಿ ಇರುತ್ತೆ. ಮೇಡಂ, ನಿಮಗೆ ಹೇಗೆ ಹೇಳಲಿ..."

ಮೇಡಂ ಚೀಲವನ್ನೇ ನೋಡುತ್ತಿದ್ದರು. "ಇದಕ್ಕೆ ಒಂದೇ ಬಾಲ ಇದೆ."

"ಮುರಿದಿರಬೇಕು. ಈ ಚಳಿಗೆ ಗಾಜಿನ ಹಾಗೆ ಮುರಿದುಹೋಗುತ್ತೆ."

"ಇದು ಮುರಿದದ್ದಲ್ಲ, ಕತ್ತರಿಸಿದ್ದು. ಬಾಯಿ ನೋಡಿ, ನಯವಾಗಿದೆ. ಗೂಡಲ್ಲಿ ಮತ್ತೇನಿದೆ?"

ಗೂಡಿನ ತಳದಲ್ಲಿ ಮುಚ್ಚಳ ತಿರುಗಿಸುವ ಪುಟ್ಟ ಶೀಶೆ ಸಿಕ್ಕಿತು. ಶೀಶೆಯೊಳಗೆ ಕತ್ತರಿಸಿದ ಬಾಲ.

"ಬಾಲ ಯಾತಕ್ಕೆ ಇಡ್ತೀರಿ ಡಾಕ್ಟ್ರೇ?"

"ಚೀಲದ ಮೇಲೆ ಮುಂದೆ ಏನಾದ್ರೂ ಅನುಮಾನ ಬಂದ್ರೆ, ಚೀಲ ಕರಗಿಸದೆ ಪರೀಕ್ಷೆ ಮಾಡೋಕೆ. ಮೇಡಂ, ದಯವಿಟ್ಟು, ಹೊತ್ತಾಗ್ತಿದೆ."

ಹಾಳು ಮಾಡಬೇಕೆಂದಿದ್ದವನು ಚೀಲವನ್ನು ಒಂದು ಗಳಿಗೆ ಹೊರಗಿಟ್ಟಿದ್ದರೆ ಸಾಕಿತ್ತು. ಈ ಕಳ್ಳ ಕೆಟ್ಟ ಟ್ಯಾಂಕಿಗೆ ನೈಟ್ರೋಜನ್ ತುಂಬಿ ಅದನ್ನು ಜೋಪಾನ ಮಾಡಿದ್ದಾನೆ. ಬಾಲ ಕತ್ತರಿಸಿ ಶೀಶೆಗೆ ಹಾಕಿ ಮುಚ್ಚಳ ಬಿಗಿ ಮಾಡಿದ್ದಾನೆ. ಮೇಡಂ ಇಷ್ಟನ್ನು ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದರು. ಉತ್ತರ ಒಂದೇ ಬರುತ್ತಿತ್ತು.

"ಈ ಚೀಲ ಜಪ್ತಿ ಮಾಲು. ಕೋರ್ಟಿನ ಆದೇಶ ಇಲ್ಲದೆ ನಾನು ಬಿಟ್ಟುಕೊಡೋ ಹಾಗಿಲ್ಲ."

ಡಾಕ್ಟರ್ ಕಿರುಚಿದರು. "ನಿಮಗೆ ತಲೆ ಕೆಟ್ಟಿದೆಯಾ? ಅಲ್ಲೊಂದು ಮಗು ಸಾಯ್ತಿದೆ, ನೀವು ಇಲ್ಲಿ ರೂಲ್ಸ್ ಹೇಳ್ತೀರಾ?"

"ಹೇಳ್ತೀನಿ. ಈ ಚೀಲದ ಮೇಲೆ ಯಾರಿಗೋ ಅನುಮಾನ ಇದೆ ಡಾಕ್ಟ್ರೇ. ನಿಮ್ಮೊಳಗೇ ಯಾರಿಗೋ. ಈ ಬಾಲ ಪರೀಕ್ಷೆ ಮಾಡಿ."

"ಪರೀಕ್ಷೆ ಆಗಿ ಪಾಸಾಗಿದೆ!"

"ಹಾಗಿದ್ರೆ ಇನ್ನೊಂದು ಸಲ ಪಾಸಾಗುತ್ತೆ. ಎಷ್ಟು ಹೊತ್ತು ಬೇಕು?"

"ಐದು ಗಂಟೆ."

"ಕೋರ್ಟಿನ ಆದೇಶಕ್ಕೂ ನನಗೆ ಅಷ್ಟೇ ಬೇಕು. ಮೆಷಿನ್ ಕೋಣೆಯ ಸೀಲ್ ತೆಗೆಸ್ತೀನಿ. ನೀವೇ ನಿಂತು ಮಾಡಿ, ಬೇರೆ ಯಾರೂ ಕೈ ಹಾಕೋದು ಬೇಡ. ಮೀಸೆ ಪಕ್ಕದಲ್ಲಿರ್ತಾರೆ."

ಚೀಲ ಒಳ್ಳೆಯ ಟ್ಯಾಂಕಿಗೆ ಹೋಯಿತು, ಮೇಲೆ ಠಾಣೆಯ ಅರಗಿನ ಸೀಲು. ಕಾರಿಡಾರಿಗೆ ಬರುವಷ್ಟರಲ್ಲಿ ಸುದ್ದಿ ತಾಯಿಗೆ ಮುಟ್ಟಿತ್ತು. ಬೆಳಿಗ್ಗೆ ಒಂದು ಹನಿ ಕಣ್ಣೀರು ಹಾಕದವಳು ಈಗ ಮೇಡಂನ ಯೂನಿಫಾರ್ಮ್ ಹಿಡಿದು ಜಗ್ಗಿದಳು.

"ಸಿಕ್ಕಿದೆ ಅಂತಾರೆ, ಕೊಡಲ್ಲ ಅಂತೀರಂತೆ! ಕಳ್ಳನೇ ವಾಸಿ. ಅವನು ಕದ್ದು ಇಟ್ಕೊಂಡ, ನೀವು ಕಣ್ಣೆದುರಿಗೇ ಇಟ್ಕೊಂಡಿದೀರಿ. ನಿಮಗೆ ಮಕ್ಕಳಿಲ್ವಾ? ನಿಮ್ಮ ಹೊಟ್ಟೆ ತಣ್ಣಗಿರುತ್ತಾ?"

ಮಹಿಳಾ ಕಾನ್‌ಸ್ಟೇಬಲ್ ಬಿಡಿಸಲು ಬಂದಳು. ಮೇಡಂ ಬೇಡವೆಂದು ತಲೆಯಾಡಿಸಿ ಅವಳು ಕೈ ಬಿಡುವವರೆಗೂ ನಿಂತರು. ಒಂದು ಗುಂಡಿ ಕಿತ್ತು ಬಂತು. ಅವರಿಗೂ ಹೆದರಿಕೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ತಮ್ಮ ಲೆಕ್ಕ ತಪ್ಪಿದ್ದರೆ, ಈ ಐದು ಗಂಟೆಯಲ್ಲಿ ಹುಡುಗಿಗೆ ಜ್ವರ ಹತ್ತಿದರೆ, ಆ ತಾಯಿ ಅಂದದ್ದೆಲ್ಲ ನಿಜವಾಗುತ್ತಿತ್ತು.

ಅಷ್ಟರಲ್ಲಿ ಮೇಲಧಿಕಾರಿಯ ಫೋನು. "ಏನಮ್ಮಾ ಇದು, ಊರೆಲ್ಲ ನನಗೆ ಫೋನ್ ಮಾಡ್ತಿದೆ. ಕೊಟ್ಟು ಕೈ ತೊಳ್ಕೊಳ್ಳಿ."

"ಕೊಡ್ತೀನಿ ಸಾರ್. ಕೊಡಿ ಅಂತ ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ."

"ಎಲ್ಲಾ ನೀವೇ ನೋಡ್ಕೊಳ್ಳಿ," ಎಂದು ಫೋನಿಟ್ಟರು. ಅವರು ಸಹಿ ಹಾಕುವ ಪೈಕಿ ಅಲ್ಲ ಎಂಬುದು ಮೇಡಂಗೆ ಮೊದಲೇ ಗೊತ್ತಿತ್ತು.

ಮೂರು ಗಂಟೆಗೆ ಲ್ಯಾಬಿನವರು ಚಹಾ ಕುಡಿಯುವ ಕೋಣೆಗೆ ದೊಡ್ಡಕ್ಕನನ್ನು ಕರೆಸಿದರು. ಎರಡು ಕುರ್ಚಿ, ಒಂದು ಮೇಜು, ತೊಳೆಯದ ಲೋಟಗಳು. ಮಹಿಳಾ ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಳ್ಳಲು ಕೂತಳು.

"ಆ ಚೀಲ ಮಾಡಿದ್ದು ಯಾರು?"

"ನಾನು."

"ಪರೀಕ್ಷೆಗೆ ಕಣ ತೆಗೆದಿದ್ದು ಕೆಲಸದ ಮಧ್ಯದಲ್ಲೋ ಕೊನೆಯಲ್ಲೋ?"

"ಮಧ್ಯದಲ್ಲಿ."

"ಅದು ತೆಗೆದ ಮೇಲೆ ಏನಾಯ್ತು?"

ದೊಡ್ಡಕ್ಕ ತೊಳೆಯದ ಲೋಟಗಳನ್ನು ಒಂದು ಕಡೆ ಜೋಡಿಸತೊಡಗಿದರು.

"ಚೀಲ ಸಿಕ್ಕಾಗ ಎಲ್ಲರೂ ಕದ್ದದ್ದು ಯಾರು ಅಂತ ಕೇಳಿದ್ರು ದೊಡ್ಡಕ್ಕ. ನೀವು ಮಾತ್ರ ಯಾವಾಗ ಏರಿಸ್ತೀರಿ ಅಂತ ಕೇಳಿದ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಲದ ಪರೀಕ್ಷೆ ಶುರುವಾಯ್ತಾ?"

"ಆಗಿದೆ."

"ಸದ್ಯ." ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು ಎಲ್ಲ ಹೇಳತೊಡಗಿದರು. "ಪರೀಕ್ಷೆಗೆ ಕಣ ತೆಗೆದಾಗ ಎಲ್ಲ ಸರಿ ಇತ್ತು, ಅದಕ್ಕೇ ಪಾಸಾಯ್ತು. ಆಮೇಲೆ ಮೆಷಿನ್ ನಿಂತುಹೋಯ್ತು ಮೇಡಂ. ಕೊಳವೆಗಳನ್ನೆಲ್ಲ ಹೊಸದು ಹಾಕಿ, ಇಡೀ ಕೆಲಸ ಮತ್ತೆ ಮೊದಲಿಂದ ಮಾಡಬೇಕಾಯ್ತು. ಮೆಷಿನ್ನಿಗೆ ಎರಡು ಚೀಲ ನೇತುಹಾಕ್ತೀವಿ. ಮ್ಯಾಗ್ನೆಟ್ ಹಿಡಿದದ್ದು ಒಂದಕ್ಕೆ, ಹಿಡಿಯದೆ ಹರಿದು ಹೋದದ್ದು ಇನ್ನೊಂದಕ್ಕೆ. ನಾನು ಇಪ್ಪತ್ತು ವರ್ಷ ಮಾಡಿದ್ದು ಬೇರೆ ಕೆಲಸ. ಅಲ್ಲಿ ಮ್ಯಾಗ್ನೆಟ್ ಹಿಡಿದದ್ದೇ ನಮಗೆ ಬೇಕಾದ್ದು, ಹರಿದದ್ದು ಕಸ. ಇಲ್ಲಿ ತಿರುಗಾ ಮುರುಗಾ. ಹಿಡಿದದ್ದು ಕತ್ತರಿ ಬೀಳದ ಕೆಟ್ಟ ಕಣ, ಹರಿದದ್ದು ಒಳ್ಳೇದು."

"ನೀವು ಹಳೇ ರೂಢಿಯಲ್ಲಿ ಹಾಕಿದ್ರಿ."

"ಗೊತ್ತಿಲ್ಲ! ಅದೇ ನನ್ನ ಸಂಕಟ. ಕೈ ಯಾವ ಕಡೆ ಹೋಯ್ತು ಅಂತ ನೆನಪೇ ಇಲ್ಲ. ಹೋದ ತಿಂಗಳು ಹೊಸಬಳಿಗೆ ಹಳೇ ಕೆಲಸ ತೋರಿಸ್ತಿದ್ದೆ. ಕೈ ತಾನಾಗೇ ಆ ಕಡೆ ಹೋಯ್ತು. ಆಗ ಅನುಮಾನ ಹುಟ್ತು. ಆ ದಿನಾನೂ ಹೀಗೇ ಹೋಗಿದ್ರೆ?"

"ಜೊತೆಗೆ ಯಾರೂ ಇರಲಿಲ್ವಾ?"

"ಇರಬೇಕು. ಒಬ್ಬರು ಮಾಡೋದು, ಇನ್ನೊಬ್ಬರು ನೋಡಿ, ಸರಿ ಇದೆ ಅಂತ ಬಾಯಿಬಿಟ್ಟು ಹೇಳೋದು. ಆ ನಿಯಮ ತಂದವಳೇ ನಾನು. ಅವತ್ತು ಜೊತೆಗಿದ್ದವಳು ಊಟಕ್ಕೆ ಹೋಗಿದ್ಲು. ಕರೀಬಹುದಿತ್ತು. ನನಗೆ ಯಾರು ಹೇಳಬೇಕು ಅಂದ್ಕೊಂಡೆ."

"ಆಮೇಲೆ?"

"ಚೀಲ ಕಾಣೆಯಾದ್ರೆ ಏರಿಸೋದು ನಿಲ್ಲುತ್ತೆ. ಅಷ್ಟರಲ್ಲಿ ಬಾಲ ಪರೀಕ್ಷೆ ಮಾಡ್ಕೊಂಡು, ಒಳ್ಳೇದಾಗಿದ್ರೆ ಇಲ್ಲೇ ಸಿಕ್ತು ಅಂತ ತಂದಿಡೋಣ ಅಂತಿದ್ದೆ. ಭಾನುವಾರ ಪರೀಕ್ಷೆಗೆ ಹೊತ್ತು ಸಾಲಲಿಲ್ಲ, ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದೆ. ನನಗಿಂತ ಮುಂಚೆ ಡಾಕ್ಟ್ರು ಬಂದಿದ್ರು. ಆಮೇಲೆ ನೀವು ಬಂದು ಸೀಲ್ ಹಾಕಿದ್ರಿ."

"ಉಗ್ರಾಣದಲ್ಲಿ ಡಾಕ್ಟ್ರು ಈಗಲೇ ಏರಿಸ್ತೀನಿ ಅಂದ್ರಲ್ಲ. ಆಗ ಯಾಕೆ ಬಾಯಿ ಬಿಡಲಿಲ್ಲ?"

"ಬಿಡಬೇಕು ಅಂತ ಹೊರಟಿದ್ದೆ. ನೀವು ಜಪ್ತಿ ಅಂದ್ರಿ."

ಅದು ನಿಜವೇ ಎಂದು ಯಾರು ಹೇಳಬಲ್ಲರು? ಮೇಡಂ ಅದನ್ನು ಹಾಗೇ ಬರೆದುಕೊಳ್ಳಲು ಹೇಳಿದರು.

ಆರು ಗಂಟೆಗೆ ಡಾಕ್ಟರ್ ಬಂದರು. ಅವರ ಹಿಂದೆ ಮೀಸೆ. ಡಾಕ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮಾತಾಡಿದರು.

"ಮುಕ್ಕಾಲು ಪಾಲು ಕತ್ತರಿ ಬೀಳದ ಕಣ."

"ಏರಿಸಿದ್ದಿದ್ರೆ?"

"ಮೊದಲು ಚರ್ಮ. ಆಮೇಲೆ ಕರುಳು, ಲಿವರ್. ಒಳಗಿಂದ ಹರಿದು ತಿಂತಿದ್ವು. ನಾವು ನೋಡ್ತಾ ನಿಲ್ಲಬೇಕಿತ್ತು." ಅವರು ದೊಡ್ಡಕ್ಕನ ಕಡೆ ನೋಡಿದರು. ಆಮೇಲೆ ದಾನಿಗೆ ಫೋನ್ ಮಾಡಲು ಹೊರಟುಹೋದರು.

ಒಳ್ಳೆಯ ಕಣಗಳಿದ್ದ ಇನ್ನೊಂದು ಚೀಲ ಅವತ್ತೇ ಕಸದ ಜೊತೆ ಸುಟ್ಟುಹೋಗಿತ್ತು. ಈಗ ಉಳಿದದ್ದು ಒಂದೇ ದಾರಿ, ಹೊಸದು ಮಾಡುವುದು. ದಾನಿ ಒಬ್ಬ ಲಾರಿ ಮೆಕ್ಯಾನಿಕ್. ಫೋನ್ ಮಾಡಿದ ಅರ್ಧ ಗಂಟೆಗೆ ಕೈಯಲ್ಲಿನ ಎಣ್ಣೆ ಕಪ್ಪು ಒರೆಸಿಕೊಳ್ಳುತ್ತಾ ಬಂದು, "ಎಷ್ಟು ಬೇಕೋ ಅಷ್ಟು ತಗೊಳ್ಳಿ ಸಾರ್, ಮನೆಯಲ್ಲಿ ಹೇಳಿ ಬಂದಿದೀನಿ," ಎಂದ. ಓದುವವರು ಉಸಿರು ಬಿಗಿಹಿಡಿದು ಕೂರುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಹುಡುಗಿ ಮೂರು ವಾರ ತಡೆದುಕೊಂಡಳು. ಎರಡು ಸಲ ಜ್ವರ ಬಂತು. ಎರಡನೇ ಸಲ ಡಾಕ್ಟರುಗಳೂ ಕೈಚೆಲ್ಲಿದ್ದರು. ಆದರೂ ಉಳಿದಳು, ಹೊಸ ಚೀಲ ಏರಿತು, ಈಗ ಶಾಲೆಗೆ ಹೋಗಿ ಜಗಳ ಆಡಿಕೊಂಡು ಬರುವಷ್ಟು ಗಟ್ಟಿಯಾಗಿದ್ದಾಳೆ. ಆದರೆ ಆ ಸೋಮವಾರ ಸಂಜೆ ಇದು ಯಾರಿಗೂ ಗೊತ್ತಿರಲಿಲ್ಲ.

"ಒಂದು ಮಾತು ಕೇಳ್ತೀನಿ," ಎಂದರು ಮೇಡಂ. ಡಾಕ್ಟರ್ ಹೋಗಿದ್ದರು. "ಅನುಮಾನ ಬಂದ ದಿನವೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಲ್ಯಾಬಿಗೆ ಬೀಗ ಜಡೀತಿದ್ರು. ಇನ್ನೂ ಎಷ್ಟೋ ಜನ ರೋಗಿಗಳು ಕಾಯ್ತಿದಾರೆ. ಅವರ ಗತಿ?"

"ಅದು ಮೊದಲು ಬಂದ ಯೋಚನೆಯಾ?"

"ಅಲ್ಲ," ಎಂದರು ದೊಡ್ಡಕ್ಕ. "ಅದು ಆಮೇಲೆ ಹುಡುಕಿಕೊಂಡದ್ದು. ಮೊದಲು ಬಂದದ್ದು, ದೊಡ್ಡಕ್ಕನ ಕೈ ತಪ್ತು ಅಂತ ಆ ಹುಡುಗ್ರೆಲ್ಲ ಮಾತಾಡ್ಕೊಳ್ಳೋದು ನನ್ನ ಕಿವಿಗೆ ಬೀಳಬಾರದು ಅಂತ. ಬೇರೆಯವರ ತಪ್ಪಿಗೆ ನಾನು ಎಷ್ಟು ಬೈದಿದೀನಿ ಗೊತ್ತಾ ಮೇಡಂ? ಒಬ್ಬಳನ್ನ ಕೆಲಸದಿಂದಲೇ ತೆಗೆಸಿದೀನಿ."

ಕಳವು, ನಂಬಿಕೆ ದ್ರೋಹ, ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದದ್ದು. ಮೂರೂ ಕಲಮುಗಳನ್ನು ಮೇಡಂ ಓದಿ ಹೇಳಿದರು. ಆಮೇಲೆ ಎದ್ದು ನಿಂತು, "ಆ ತಾಯಿಗೆ ವಿಷಯ ತಿಳಿಸಬೇಕು. ನಾನು ಹೇಳಲಾ, ನೀವು ಹೇಳ್ತೀರಾ?" ಎಂದರು.

ದೊಡ್ಡಕ್ಕನ ಮುಖ ಬಿಳಿಚಿಕೊಂಡಿತು. ಕಲಮುಗಳನ್ನು ಕೇಳಿದಾಗ ಹಾಗಾಗಿರಲಿಲ್ಲ. "ನಾನೇ ಹೇಳ್ತೀನಿ," ಎಂದು ಕನ್ನಡಕ ಹಾಕಿಕೊಂಡರು.

ತಾಯಿ ಗಾಜಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ದೊಡ್ಡಕ್ಕನನ್ನು ಕಂಡು ಎದ್ದು ಎರಡೂ ಕೈ ಹಿಡಿದುಕೊಂಡಳು. ಅವರ ಪರಿಚಯ ಅವಳಿಗಿತ್ತು, ಮಗಳ ಚೀಲ ಮಾಡಿದ ಕೈ ಇದೇ ಎಂದು ತಿಂಗಳುಗಳಿಂದ ಕಂಡಾಗಲೆಲ್ಲ ಹಾಗೆ ಹಿಡಿದುಕೊಳ್ಳುತ್ತಿದ್ದಳು. ದೊಡ್ಡಕ್ಕ ಕೈ ಬಿಡಿಸಿಕೊಂಡರು. ನಿಂತುಕೊಂಡೇ ಎಲ್ಲ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಗಾಜಿನಾಚೆ ಹುಡುಗಿ ನಿದ್ದೆ ಮಾಡುತ್ತಿದ್ದಳು.

ತಾಯಿ ಕೇಳಿಸಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮೀಸೆ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದರು. ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಹೊಲಿಗೆಯವಳು, ಗಿರಾಕಿಗೆ ದಿನ ಹೇಳಿ ರೂಢಿ.

"ನಿಮಗೆ ಅನುಮಾನ ಬಂದದ್ದು ಹೋದ ತಿಂಗಳು."

"ಹೌದಮ್ಮ."

"ಇವಳ ಮೈ ಖಾಲಿ ಮಾಡೋ ಔಷಧಿ ಶುರುವಾಗಿದ್ದು ಹೋದ ವಾರ."

"ಹೌದು."

"ಹೊಸ ಚೀಲಕ್ಕೆ ಮೂರು ವಾರ ಸಾಕಂತೆ. ಅವತ್ತೇ ಒಂದು ಮಾತು ಹೇಳಿದ್ದಿದ್ರೆ ಇವತ್ತು ಅದು ರೆಡಿ ಇರ್ತಿತ್ತಲ್ವಾ ಅಕ್ಕಾ?"

ಲ್ಯಾಬಿಗೆ ಬೀಗ ಎಂದಾಗಲಿ, ಉಳಿದ ರೋಗಿಗಳು ಎಂದಾಗಲಿ ದೊಡ್ಡಕ್ಕನ ಬಾಯಿಂದ ಬರಲಿಲ್ಲ. ಕಾರಿಡಾರಿನ ಗೋಡೆಗೆ ಒರಗಿ ಕುಸಿದು ಕೂತು, ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತರು. ತಾಯಿ ಅವರನ್ನು ಎತ್ತಲೂ ಇಲ್ಲ, ಬೈಯಲೂ ಇಲ್ಲ. ಬೆಂಚಿಗೆ ಹೋಗಿ ಮಗಳು ಕಾಣುವ ಕಡೆ ತಿರುಗಿ ಕೂತಳು.

ಏಳು ಗಂಟೆಗೆ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ದೊಡ್ಡಕ್ಕನನ್ನು ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ಠಾಣೆಯಲ್ಲಿ ಮೀಸೆ ಹೇಳಿಕೆ ಪೂರ್ತಿ ಮಾಡುತ್ತಾ, ಕೃತ್ಯಕ್ಕೆ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದರು. ಹಣವಿಲ್ಲ, ಹಗೆಯಿಲ್ಲ, ಏನೂ ಇಲ್ಲ. ಮೇಡಂ ಕಿತ್ತುಹೋದ ಗುಂಡಿಯ ಜಾಗಕ್ಕೆ ಸೇಫ್ಟಿಪಿನ್ ಚುಚ್ಚಿಕೊಳ್ಳುತ್ತಿದ್ದರು.

"ಮರ್ಯಾದೆಗೆ ಅಂಜಿ ಅಂತ ಬರೀರಿ," ಎಂದರು.

ಮೀಸೆ ಹಾಗೇ ಬರೆದು ಕಾಗದವನ್ನು ಸಹಿಗೆ ಮುಂದಿಟ್ಟರು. ದೊಡ್ಡಕ್ಕ ಎಲ್ಲವನ್ನೂ ಒಂದು ಸಲ ಓದಿದರು. ಸಹಿ ಹಾಕುವ ಮುಂಚೆ ಮಹಿಳಾ ಕಾನ್‌ಸ್ಟೇಬಲನ್ನು ಹತ್ತಿರ ಕರೆದು, "ನೀನೂ ಒಂದು ಸಲ ಓದಿ, ಸರಿ ಇದೆ ಅಂತ ಬಾಯಿಬಿಟ್ಟು ಹೇಳಮ್ಮ. ಆಮೇಲೆ ಸಹಿ ಹಾಕ್ತೀನಿ," ಎಂದರು.